ಕಾಲ್ಸಪ್ಪಳದ ಕೋಣೆ

ತ್ಬಿಲಿಸಿಯಲ್ಲಿ ಒಂದು ನೆಲಮಾಳಿಗೆ. ಮೇಲೆ ಬ್ರೆಡ್ಡಿನ ಅಂಗಡಿ,
ಹದಿನಾಲ್ಕು ಮೆಟ್ಟಿಲಿಳಿದರೆ ಲಾಮಾರಾ,
ಸಿನಿಮಾದಲ್ಲಿ ನಡೆಯುವವರಿಗೆಲ್ಲ
ಸಪ್ಪಳ ಹಾಕಿಕೊಡುವವಳು.
"ಕಲಿಸುತ್ತೀರಾ?" ಎಂದೆ.
"ಇಲ್ಲ," ಎಂದಳು. "ಕೆಲಸ ಇದೆ. ಮಾಡ್ತೀಯಾ?"

ಮೊದಲ ತಿಂಗಳು ಕೈಗೆ ಬಂದದ್ದು ಪೊರಕೆ.
ಮರಳಿನ ಚೌಕ, ಜಲ್ಲಿಯ ಚೌಕ, ಹಲಗೆಯ ಚೌಕ,
ಒಂದರದು ಇನ್ನೊಂದಕ್ಕೆ ಸೇರದ ಹಾಗೆ ಗುಡಿಸಬೇಕು.
ಗೋಡೆಯುದ್ದಕ್ಕೂ ತೊಂಬತ್ತು ಜೊತೆ ಶೂ,
ಒಣಸೇತುವೆಯ ಸಂತೆಯಲ್ಲಿ ಕೊಂಡವು, ತೀರಿಹೋದವರವು.
ಒರೆಸಿಟ್ಟೆ. ನನ್ನ ಅಳತೆಯವು ನಾಲ್ಕೇ.
ಹನ್ನೊಂದನೇ ದಿನ ತಿರುಗಿ ನೋಡದೆ ಕೇಳಿದಳು,
"ಜಲ್ಲಿ ಗುಡಿಸುವಾಗ ಪೊರಕೆ ಏನನ್ನುತ್ತೆ?"
"ಸರ್ ಸರ್," ಅಂದೆ.
"ಅದು ರೇಷ್ಮೆ. ಮತ್ತೆ ಗುಡಿಸು."

ಹಿಮಕ್ಕೆ ಆಲೂಗಡ್ಡೆ ಹಿಟ್ಟು. ಇದು ಯಾವ ಪುಸ್ತಕದಲ್ಲೂ ಇರಲಿಲ್ಲ,
ಪುಸ್ತಕವೇ ಇರಲಿಲ್ಲ ಎನ್ನಿ.
ಚರ್ಮದ ಚೀಲದಲ್ಲಿ ತುಂಬಿ ಮುಷ್ಟಿಯಿಂದ ಒತ್ತಿದರೆ
ಗುರುಕ್, ಗುರುಕ್,
ಬೆಟ್ಟದ ಮೇಲೊಬ್ಬ ಸೈನಿಕ ಮನೆಗೆ ಹೊರಟ.
ಆರು ಕಿಲೋ ಕೇಳಿದಾಗ ಅಂಗಡಿಯ ಶೋರೆನಾ
"ಎಷ್ಟು ಜನಕ್ಕೆ ಅಡುಗೆ?" ಎಂದಳು.
"ಒಬ್ಬನಿಗೆ. ರಾತ್ರಿಯಿಡೀ ನಡೀತಾನೆ."
ಮೂಳೆ ಮುರಿಯಲು ಸೆಲೆರಿ ದಂಟು, ಮಿಕ್ಕದ್ದು ಸಾರಿಗೆ.
ಪಾರಿವಾಳ ಹಾರಲು ಹಳೆಯ ಗ್ಲೌಸು, ಫಟಫಟ,
ಎರಡೂ ಎಡಗೈಯವು.
ಬೆಂಕಿಗೆ ಮಿಠಾಯಿ ಸುತ್ತಿದ ಕಾಗದ, ಚಿಟಿಚಿಟಿ.
ನಿಜವಾದ ಬೆಂಕಿ ಮೈಕಿನೆದುರು ಸುಳ್ಳು ಹೇಳುತ್ತೆ
ಎನ್ನುತ್ತಿದ್ದಳು.

ನಡಿಗೆ ಮಾತ್ರ ಒಂದೂವರೆ ವರ್ಷ ಬರಲಿಲ್ಲ.
ಪರದೆಯಲ್ಲಿ ಕೇಸು ಸೋತ ವಕೀಲ, ಹಲಗೆಯ ಮೇಲೆ ನಾನು.
ಹೆಜ್ಜೆಗೆ ಹೆಜ್ಜೆ ಕೂಡಿತ್ತು. ಆದರೂ ಅವಳು
ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.
"ಬಾದ್ರಿ, ನಿನ್ನದು ಬರೀ ಕಾಲು.
ಅವನು ಜೇಬಿನಲ್ಲಿ ಕೈಯಿಟ್ಟಿದ್ದಾನೆ. ಇಟ್ಟುಕೋ."
ಇಟ್ಟುಕೊಂಡೆ.
"ಜೇಬಿನಲ್ಲಿ ಏನಿದೆ?"
ಮನೆಬಾಡಿಗೆಯ ನೋಟೀಸಿತ್ತು.
ನಡೆದೆ.
ಅವಳು ಪಟ್ಟಿಯಲ್ಲಿ ಗೀಟೆಳೆದು
ಮುಂದಿನ ದೃಶ್ಯ ಹಚ್ಚಿದಳು. ಅಲ್ಲಿ ಹೊಗಳಿಕೆ ಎಂದರೆ ಅಷ್ಟೆ.

ಮೂರನೇ ಚಳಿಗಾಲ ಅವಳ ಮಂಡಿ ಕೈಕೊಟ್ಟಿತು.
ಆ ಸಿನಿಮಾದಲ್ಲಿ ಮುದುಕಿಯೊಬ್ಬಳು ಕುರ್ಚಿಯಿಂದೇಳಬೇಕು,
ಬಾಗಿಲವರೆಗೆ ಹೋಗಿ, ತೆರೆಯದೆ, ಹಿಂದಿರುಗಬೇಕು.
ಒಂದು ನಿಮಿಷ ಹತ್ತು ಸೆಕೆಂಡು.
ಕುರ್ಚಿ ಲಾಮಾರಾಳ ಪಾಲು, ಹೆಜ್ಜೆ ನನ್ನ ಪಾಲು.
ಹೆಂಗಸಿನ ಚಪ್ಪಲಿಯಲ್ಲಿ ಅರ್ಧ ಹಿಮ್ಮಡಿ ಹೊರಗೆ ಚಾಚಿ ನಿಂತೆ.
ಅವಳು ಎದ್ದಳು. ಕುರ್ಚಿ ಕಿರ್ ಎಂದಿತು,
ಅದರ ಬೆನ್ನಿಗೇ ಅವಳ ಮಂಡಿ, ಲಟಕ್.
ನಾನು ನಿಲ್ಲಲಿಲ್ಲ.
ಹೋಗುವ ಹೆಜ್ಜೆ ಬೇರೆ, ಬರುವ ಹೆಜ್ಜೆ ಬೇರೆ,
ನಡುವೆ ತೆರೆಯದ ಬಾಗಿಲಿದೆಯಲ್ಲ,
ಅದು ನನ್ನ ಸೊಂಟಕ್ಕೆ ತಾನಾಗಿ ತಿಳಿದಿತ್ತು.
"ಮಂಡಿ ಕೇಳಿಸಿತು. ಮತ್ತೊಮ್ಮೆ ಮಾಡೋಣವಾ?" ಎಂದೆ.
"ಬೇಡ. ಮತ್ತೊಮ್ಮೆ ನೀನು ಹಾಗೆ ನಡೆಯಲಾರೆ."

ಜುಲೈಯಲ್ಲಿ ಅಮ್ಮನನ್ನು ಕರೆದೊಯ್ದೆ.
ಮೂವತ್ತು ವರ್ಷ ಮೆಟ್ರೋದಲ್ಲಿ ಟೋಕನ್ ಮಾರಿದವಳು.
ಮಗನ ಕೆಲಸ ಇಂಥದ್ದೆಂದು ನೆರೆಯವರಿಗೆ ಹೇಳಲು
ಅವಳಿಗಿನ್ನೂ ಒಂದು ಶಬ್ದ ಸಿಕ್ಕಿಲ್ಲ.
ಪಿಟೀಲು ಬಂದಾಗ, "ನೀನಾ?" ಅಲ್ಲಮ್ಮ.
ಗುಡುಗಿದಾಗ, "ಇದಾ?" ಅದು ಬೇರೆಯವರದು.
ಮುದುಕಿ ಎದ್ದಳು, ಬಾಗಿಲವರೆಗೆ ಹೋದಳು, ಬಂದಳು.
ಅಮ್ಮ ಏನೂ ಕೇಳಲಿಲ್ಲ.
ಆಮೇಲೆ, ಬಸ್ಸಿಗೆ ಕಾಯುತ್ತ,
"ಆ ಮುದುಕಿಯ ಮಂಡಿ ನನ್ನದರ ಹಾಗೇ, ಪಾಪ.
ಎಣ್ಣೆ ತಿಕ್ಕೋರು ಯಾರೂ ಇಲ್ಲ ಅನ್ನಿಸುತ್ತೆ," ಎಂದಳು.

ಮರುದಿನ ಲಾಮಾರಾಗೆ ಹೇಳಿದೆ.
ಅವಳು ಹಳೆಯ ಪಟ್ಟಿ ಹುಡುಕಿ ತೆಗೆದು
"ಕುರ್ಚಿ" ಎಂದಿದ್ದ ಕಡೆ ಪೆನ್ಸಿಲಿನಲ್ಲಿ
"ಮತ್ತು ಮಂಡಿ" ಎಂದು ಸೇರಿಸಿದಳು.
ಆಮೇಲೆ ಮೂಲೆಯ ಪೊರಕೆ ತೋರಿಸಿದಳು.
ಜಲ್ಲಿ ಮರಳಿಗೆ ಸೇರಿತ್ತು.